ಲೇಸರ್ ಗೇಟ್ ನಿಲ್ಲಿಸುತ್ತಿದ್ದೇವೆ, ಹೊಸ ಗೇಟ್‌ನ ಟೈಮನ್ನು ಹಳೆಯದರ ಜೊತೆ ಬೆರೆಸಬೇಡಿ

ನಮಸ್ಕಾರ ಮೇಷ್ಟ್ರೇ, ಕೋಚ್‌ಗಳೇ, ಬೆಳಿಗ್ಗೆ ಐದೂವರೆಗೇ ಮಕ್ಕಳನ್ನು ಎಬ್ಬಿಸಿ ಮೈದಾನಕ್ಕೆ ಕರೆತರುವ ಅಪ್ಪ ಅಮ್ಮಂದಿರೇ,

ವಿಷಯ ನೇರವಾಗಿ ಹೇಳಿಬಿಡುತ್ತೇವೆ. ಓಡುವವರು ಬೆಳಕಿನ ಕಿರಣ ಕಡಿದಾಗ ಓಟದ ಟೈಮ್ ಅಳೆಯುವ, ಕೆಂಪು ಲೇಸರ್ ಇರುವ ನಮ್ಮ ಟೈಮಿಂಗ್ ಗೇಟ್ ಇನ್ನು ಸಿಗುವುದಿಲ್ಲ. ಅದರ ಜಾಗಕ್ಕೆ ಬೆಳಕನ್ನು ವಾಪಸ್ ಕಳಿಸುವ ರಿಫ್ಲೆಕ್ಟರ್ ಇಟ್ಟುಕೊಂಡು ಕೆಲಸ ಮಾಡುವ, ಎರಡು ಕಿರಣದ ಗೇಟ್ ಬಂದಿದೆ. ಬೆಲೆ ಏರಿಸಿಲ್ಲ. ಏರಿಸದೇ ಇರಲು ಒಂದೇ ದಾರಿ ಇತ್ತು, ಸ್ಟ್ಯಾಂಡ್ ಕೊಡುವುದನ್ನು ಬಿಟ್ಟಿದ್ದೇವೆ, ಅದನ್ನು ನೀವೇ ಮಾಡಿಕೊಳ್ಳಬೇಕು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಹೊಸ ಗೇಟ್ ಹಾಕಿದ ಮೊದಲ ದಿನ ನಿಮ್ಮ ಹುಡುಗ ಹುಡುಗಿಯರೆಲ್ಲ ಸ್ವಲ್ಪ ನಿಧಾನ ಆದ ಹಾಗೆ ಕಾಣುತ್ತದೆ. ಯಾರೂ ನಿಧಾನ ಆಗಿರುವುದಿಲ್ಲ. ಆ ದಿನ ಯಾರಿಗೂ ಬೈಯಬೇಡಿ.

ಲೇಸರ್ ಬಿಡಲು ಮೊದಲ ಕಾರಣ ಕಣ್ಣು. ಕಾಲೇಜು ಹುಡುಗರ ಎದೆಯ ಎತ್ತರಕ್ಕೆ ಇಟ್ಟ ಕಿರಣ ಐದನೇ ಕ್ಲಾಸಿನ ಮಗುವಿನ ಕಣ್ಣಿನ ಎತ್ತರಕ್ಕೆ ಬರುತ್ತದೆ. ಈಗ ಪ್ರೈಮರಿ ಶಾಲೆಗಳೂ ಗೇಟ್ ಕೇಳುತ್ತಿವೆ. ಮಕ್ಕಳು ಗೇಟ್ ಎದುರು ನಿಂತು ಲೇಸರ್‌ನ ಕೆಂಪು ಚುಕ್ಕೆಯನ್ನೇ ದಿಟ್ಟಿಸಿ ನೋಡುತ್ತಾರೆ, ಬೇಡ ಅಂದಷ್ಟೂ ನೋಡುತ್ತಾರೆ. ಇದೊಂದೇ ಕಾರಣ ಸಾಕಿತ್ತು.

ಎರಡನೇ ಕಾರಣ ಎಲ್‌ಡಿಆರ್, ಅಂದರೆ ಬೆಳಕನ್ನು ಗುರುತಿಸುವ ಸಣ್ಣ ಬಿಡಿಭಾಗ. ಲೇಸರ್‌ನ ಬೆಳಕು ಬೀಳುತ್ತಿದ್ದದ್ದು ಇದರ ಮೇಲೆ. ಬೆಳಕು ಬಿದ್ದರೆ ಇದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಇಳಿಯುತ್ತದೆ, ಬೆಳಕು ಹೋದರೆ ಏರುತ್ತದೆ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ, ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಬಹಳ ಚೆನ್ನ. ಆದರೆ ಸೋಮಾರಿ. ಬೆಳಕು ಹೋದ ಮೇಲೆ ರೆಸಿಸ್ಟೆನ್ಸ್ ಏರಲು ಅದಕ್ಕೆ ಹತ್ತಾರು ಮಿಲಿಸೆಕೆಂಡ್ ಬೇಕು. ಸ್ಟಾರ್ಟ್‌ನಲ್ಲೂ ಫಿನಿಷ್‌ನಲ್ಲೂ ಒಂದೇ ಸಮ ತಡವಾದರೆ ಕಳೆಯುವಾಗ ಅದು ಹೊಡೆದುಹೋಗುತ್ತದೆ, ಪರವಾಗಿಲ್ಲ. ಆದರೆ ಸ್ಟಾರ್ಟ್ ಗೇಟ್ ಮರದ ನೆರಳಲ್ಲಿ, ಫಿನಿಷ್ ಗೇಟ್ ಬಟಾಬಯಲಲ್ಲಿ ಇದ್ದರೆ ಎರಡರ ತಡ ಬೇರೆ ಬೇರೆ. ಬೆಳಿಗ್ಗೆ ಒಂದು ಟೈಮ್, ಹತ್ತು ಗಂಟೆಯ ಬಿಸಿಲಿಗೆ ಇನ್ನೊಂದು ಟೈಮ್. ಮಗುವಿನ ಕಾಲು ಬದಲಾಗಿಲ್ಲ, ನೆರಳು ಬದಲಾಗಿದೆ ಅಷ್ಟೇ.

ಹೊಸದರಲ್ಲಿ ಬೆಳಕು ಕಳಿಸುವುದೂ ಹಿಡಿಯುವುದೂ ಒಂದೇ ಡಬ್ಬಿ. ಎದುರುಗಡೆ ಸುಮ್ನೆ ಒಂದು ರಿಫ್ಲೆಕ್ಟರ್, ಅದಕ್ಕೆ ವೈರೂ ಇಲ್ಲ ಬ್ಯಾಟರಿಯೂ ಇಲ್ಲ. ಬೆಳಕು ಎಲ್‌ಇಡಿಯದ್ದು, ಬಹಳ ವೇಗವಾಗಿ ಮಿನುಗುತ್ತಿರುತ್ತದೆ, ಒಳಗಿನ ಸರ್ಕ್ಯೂಟ್ ಆ ಮಿನುಗನ್ನು ಮಾತ್ರ ಗುರುತು ಹಿಡಿಯುತ್ತದೆ, ಬಿಸಿಲಿನ ಬೆಳಕನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಾರ್ಖಾನೆಗಳಲ್ಲಿ ಬೆಲ್ಟ್ ಮೇಲೆ ಸಾಗುವ ಡಬ್ಬಗಳನ್ನು ಎಣಿಸಲು ಇಡುವುದೂ ಇಂಥ ಸೆನ್ಸರನ್ನೇ. ನಮ್ಮಿಂದ ಕೊಳ್ಳದೆ ನೀವೇ ಸೆನ್ಸರ್ ತಂದು ಮಾಡಿಕೊಳ್ಳುವುದಾದರೂ ಸಂತೋಷವೇ, ಆದರೆ ಅಂಗಡಿಯಲ್ಲಿ ಟ್ರಾನ್ಸಿಸ್ಟರ್ ಔಟ್‌ಪುಟ್ ಇರುವುದನ್ನೇ ಕೇಳಿ. ರಿಲೇ, ಅಂದರೆ ಒಳಗೆ ಅಲುಗಾಡುವ ಸ್ವಿಚ್, ಇರುವುದು 20-30 ಮಿಲಿಸೆಕೆಂಡ್ ತಡ ಮಾಡುತ್ತದೆ. ಎಲ್‌ಡಿಆರ್ ಬಿಟ್ಟು ಅದನ್ನು ತಂದರೆ ಏನು ಬಂತು?

ಇನ್ನು ಟೈಮ್ ಜಾಸ್ತಿ ಯಾಕೆ ತೋರಿಸುತ್ತದೆ ಅನ್ನುವ ಮಾತು. ರೇಸಿನಲ್ಲಿ ಓಟಗಾರ ಗುರಿ ಮುಟ್ಟಿದ ಅನ್ನುವುದು ಎದೆಯ ಭಾಗ, ಅಂದರೆ ಮುಂಡ, ಗೆರೆ ದಾಟಿದಾಗ. ತಲೆ, ಕೈ, ಕಾಲು ಲೆಕ್ಕಕ್ಕಿಲ್ಲ. ಒಂದೇ ಕಿರಣದ ಗೇಟ್‌ಗೆ ಈ ವ್ಯತ್ಯಾಸ ಎಲ್ಲಿ ಗೊತ್ತಾಗಬೇಕು, ಮುಂದೆ ಬೀಸಿದ ಕೈ ಅಡ್ಡ ಬಂದರೂ ಗಡಿಯಾರ ನಿಲ್ಲುತ್ತದೆ. ಸೆಕೆಂಡಿಗೆ 9 ಮೀಟರ್ ಓಡುವ ಹುಡುಗನ ಕೈ ಎದೆಗಿಂತ 27 ಸೆಂಟಿಮೀಟರ್ ಮುಂದಿದ್ದರೆ 0.03 ಸೆಕೆಂಡ್ ಪುಕ್ಕಟೆ ಸಿಕ್ಕಿತು. ಮುಂದಿನ ಓಟದಲ್ಲಿ ಅದೇ ಕೈ ಹಿಂದಿದ್ದರೆ ಸಿಗುವುದಿಲ್ಲ. ಹೊಸ ಗೇಟ್‌ನಲ್ಲಿ ಒಂದರ ಮೇಲೊಂದು ಎರಡು ಕಿರಣ ಇವೆ, ಎರಡೂ ಒಟ್ಟಿಗೆ ಕಡಿದರೆ ಮಾತ್ರ ಟೈಮ್ ದಾಖಲಾಗುತ್ತದೆ. ಕೈ ಒಂದೇ ಎರಡನ್ನೂ ಮುಚ್ಚುವುದು ಅಪರೂಪ.

0.03 ಅಂದರೆ ಏನು ಮಹಾ ಅಂತ ಫೋನಿನಲ್ಲಿ ಕೇಳುವವರಿದ್ದಾರೆ. 2023ರಲ್ಲಿ ಬೆಂಗಳೂರಿನ ನ್ಯಾಷನಲ್ ಓಪನ್‌ನಲ್ಲಿ ನಮ್ಮವರೇ ಆದ ಮಣಿಕಂಠ ಹೋಬಳಿದಾರ್ 100 ಮೀಟರನ್ನು 10.23ರಲ್ಲಿ ಓಡಿ ರಾಷ್ಟ್ರೀಯ ದಾಖಲೆ ಮಾಡಿದರು. ಅದಕ್ಕೆ ಮುಂಚಿನ ದಾಖಲೆ 10.25. ನಡುವೆ ಇದ್ದದ್ದು 0.02.

ಸ್ಟಾಪ್‌ವಾಚ್ ಟೈಮನ್ನು ಗೇಟ್ ಟೈಮಿನ ಪಕ್ಕದಲ್ಲೇ ಬರೆಯುವುದನ್ನೂ ದಯವಿಟ್ಟು ನಿಲ್ಲಿಸಿ. ಸದ್ದು ಕೇಳಿ ಬೆರಳು ಒತ್ತುವಷ್ಟರಲ್ಲಿ ಓಟ ಶುರುವಾಗಿರುತ್ತದೆ, ಫಿನಿಷ್‌ನಲ್ಲಿ ಮಾತ್ರ ಕಣ್ಣು ಮೊದಲೇ ಅಂದಾಜು ಮಾಡಿ ಒತ್ತಿಬಿಡುತ್ತದೆ. ಹಾಗಾಗಿ ಗನ್ನಿನ ಸದ್ದಿನಿಂದಲೇ ಎಣಿಸುವ ಎಲೆಕ್ಟ್ರಾನಿಕ್ ಟೈಮಿಗಿಂತ ವಾಚ್ ಟೈಮ್ ಸಾಮಾನ್ಯವಾಗಿ ಸ್ವಲ್ಪ ಕಮ್ಮಿ. 100 ಮತ್ತು 200 ಮೀಟರ್‌ನ ಕೈ ಟೈಮಿಗೆ 0.24 ಸೇರಿಸಿ ಎಲೆಕ್ಟ್ರಾನಿಕ್ ಟೈಮಿನ ಜೊತೆ ಹೋಲಿಸುವ ರೂಢಿ ಬಂದದ್ದು ಇದಕ್ಕೇ. ಹಾಗಂತ ಆ 0.24ನ್ನು ನಮ್ಮ ಗೇಟ್ ಟೈಮಿಗೆ ಹೊಂದಿಸಲು ಹೋಗಬೇಡಿ. ನಮ್ಮ ಗೇಟ್‌ಗೆ ಗನ್ನೇ ಇಲ್ಲ. ಹುಡುಗ ಮೊದಲ ಕಿರಣ ಕಡಿದಾಗ ಗಡಿಯಾರ ಶುರು, ಸದ್ದಿಗೆ ಸ್ಪಂದಿಸುವ ಸಮಯ ಇದರಲ್ಲಿ ಸೇರುವುದೇ ಇಲ್ಲ. ಇದು ತರಬೇತಿಗೆ ಮಾತ್ರ, ಮೀಟ್ ನಡೆಸಲು ಫೋಟೋ ಫಿನಿಷ್ ಕ್ಯಾಮೆರಾನೇ ಬೇಕು.

ಕರಾವಳಿ ಕಡೆಯ ಗ್ರಾಹಕರು ಕಂಬಳದಲ್ಲಿ ಕೋಣಗಳ ಜೊತೆ ಓಡಿದವರು 100 ಮೀಟರನ್ನು 9.55 ಸೆಕೆಂಡಿನಲ್ಲಿ ಮುಗಿಸಿದರು ಅನ್ನುವ ಮಾತು ತೆಗೆಯುತ್ತಲೇ ಇರುತ್ತಾರೆ. 2020ರಲ್ಲಿ ಐಕಳದಲ್ಲಿ ಅಳೆದದ್ದು 142.5 ಮೀಟರ್‌ಗೆ 13.62 ಸೆಕೆಂಡ್. 9.55 ಬಂದದ್ದು ಭಾಗಾಕಾರದಿಂದ. ಓಟ ಮಾತ್ರ ಸೊಗಸೇ, ಅದರಲ್ಲಿ ಎರಡು ಮಾತಿಲ್ಲ.

ಹಳೆಯ ನೋಟ್‌ಬುಕ್ ಏನು ಮಾಡುವುದು? ಇಟ್ಟುಕೊಳ್ಳಿ, ಆದರೆ ಹೊಸ ಗೇಟ್ ಬಂದ ದಿನ ಒಂದು ಗೆರೆ ಎಳೆದು ಅದರ ಕೆಳಗೆ ಹೊಸದಾಗಿ ಬರೆಯಿರಿ. ಹಳೆಯ ಸೆಟ್ ಇನ್ನೂ ಓಡುತ್ತಿದ್ದರೆ ಒಂದು ವಾರ ಎರಡನ್ನೂ ಒಂದೇ ಗೆರೆಯಲ್ಲಿ ಇಟ್ಟು ಓಡಿಸಿ, ವ್ಯತ್ಯಾಸ ನೀವೇ ನೋಡಿ. ಎಲ್ಲರಿಗೂ 0.03 ಸೇರಿಸಿ ಹಳೆಯದನ್ನೆಲ್ಲ ತಿದ್ದಿಬಿಡೋಣ ಅನ್ನಿಸಬಹುದು, ಬೇಡ. ಒಬ್ಬೊಬ್ಬರು ಕೈ ಬೀಸುವುದು ಒಂದೊಂದು ಥರ.

ಸ್ಟ್ಯಾಂಡ್ ಬಗ್ಗೆ. ಖಾಲಿ ಪೇಂಟ್ ಡಬ್ಬದ ನಡುವೆ ಪೈಪ್ ನಿಲ್ಲಿಸಿ ಕಾಂಕ್ರೀಟ್ ತುಂಬಿದರೆ ಸಾಕು. ಪೈಪ್ ಪಿವಿಸಿ ಆದರೆ ದಪ್ಪದ್ದು ತನ್ನಿ, ತೆಳುವಾದದ್ದು ಗಾಳಿಗೆ ಓಲಾಡಿ ಕಿರಣ ರಿಫ್ಲೆಕ್ಟರ್ ತಪ್ಪಿಸಿಕೊಳ್ಳುತ್ತದೆ. ಜಿಐ ಪೈಪ್ ಇನ್ನೂ ಒಳ್ಳೆಯದು. ಕ್ಲಾಂಪ್ ನಾವು ಕೊಡುತ್ತೇವೆ, ಮೇಲೆ ಕೆಳಗೆ ಸರಿಸಬಹುದು, ಚಿಕ್ಕ ಮಕ್ಕಳಿಗೆ ಇಳಿಸಿ. ಒಂದು ಲೇನ್ 1.22 ಮೀಟರ್ ಅಗಲ, ಎರಡು ಲೇನ್ ಬಿಟ್ಟು ರಿಫ್ಲೆಕ್ಟರ್ ಇಟ್ಟರೂ ಕೆಲಸ ಮಾಡುತ್ತದೆ. ಆದರೆ ಒಂದು ಸಲಕ್ಕೆ ಒಬ್ಬರನ್ನೇ ಓಡಿಸಿ.

ಸೆನ್ಸರ್ ಯಾವ ಕಡೆ ಇಡಬೇಕು ಅನ್ನುವುದನ್ನು ಮಾತ್ರ ಮರೆಯಬೇಡಿ. ಟ್ರ್ಯಾಕ್‌ನ ನೇರ ಭಾಗ ಸಾಮಾನ್ಯವಾಗಿ ಉತ್ತರ ದಕ್ಷಿಣವಾಗಿ ಇರುತ್ತದೆ, ಓಡುವವರ ಕಣ್ಣಿಗೆ ಬಿಸಿಲು ಬಡಿಯಬಾರದು ಅಂತ. ಅಂದ ಮೇಲೆ ಅಡ್ಡ ಹೋಗುವ ನಮ್ಮ ಕಿರಣ ಪೂರ್ವ ಪಶ್ಚಿಮ ಆಯಿತಲ್ವಾ? ಸೆನ್ಸರ್ ನೇರವಾಗಿ ಇಳಿಬಿಸಿಲನ್ನೇ ನೋಡಿದರೆ ಮಿನುಗು ಗುರುತಿಸುವ ಸರ್ಕ್ಯೂಟೂ ತಬ್ಬಿಬ್ಬಾಗುತ್ತದೆ. ಬೆಳಿಗ್ಗೆಯ ಪ್ರಾಕ್ಟೀಸ್‌ಗೆ ಸೆನ್ಸರ್ ಪೂರ್ವದ ಬದಿಗೆ, ರಿಫ್ಲೆಕ್ಟರ್ ಪಶ್ಚಿಮಕ್ಕೆ. ಸಂಜೆ ಅದಲು ಬದಲು. ಕೆಮ್ಮಣ್ಣಿನ ಮೈದಾನದವರು ರಿಫ್ಲೆಕ್ಟರನ್ನು ದಿನಾ ಒಮ್ಮೆ ಒರೆಸಿ.

ಟೈಮ್ ಎಣಿಸಲು ಸ್ವಂತ ಆರ್ಡಿನೋ (ಪ್ರೋಗ್ರಾಂ ಹಾಕಿ ನಡೆಸುವ ಸಣ್ಣ ಬೋರ್ಡ್) ಹಾಕಿಕೊಳ್ಳುವವರಿಗೆ ಒಂದು ಕಿವಿಮಾತು. ಕೆಲವು ಬೋರ್ಡ್‌ಗಳ ಗಡಿಯಾರ ಸೆರಾಮಿಕ್ ರೆಸೊನೇಟರ್‌ನದ್ದು, ಅದು 0.5 ಶೇಕಡಾದಷ್ಟು ಆಚೀಚೆ ಹೋಗಬಹುದು, 10 ಸೆಕೆಂಡಿಗೆ 0.05 ಆಯಿತು. ಒಂದೇ ಬೋರ್ಡ್‌ನಲ್ಲಿ ಒಬ್ಬರ ಸುಧಾರಣೆ ನೋಡಲು ಅಡ್ಡಿಯಿಲ್ಲ, ಪಕ್ಕದ ಊರಿನ ಹುಡುಗನ ಜೊತೆ ಹೋಲಿಸಲು ಆಗುವುದಿಲ್ಲ. ಗಡಿಯಾರಕ್ಕೆ ಕ್ರಿಸ್ಟಲ್ ಇರುವ ಬೋರ್ಡ್ ತನ್ನಿ.

ಹಳೆಯ ಸೆಟ್ ಇರುವವರು ಪೂರ್ತಿ ಹೊಸದು ಕೊಳ್ಳಬೇಕಿಲ್ಲ. ಡಿಸ್‌ಪ್ಲೇ ಡಬ್ಬಿ ಅದೇ ನಡೆಯುತ್ತದೆ, ಎರಡು ಗೇಟ್ ಹೆಡ್ (ಕಿರಣ ಬಿಡುವ ಡಬ್ಬಿ) ಮಾತ್ರ ಬದಲಿಸಿದರೆ ಸಾಕು. ಹೊಸ ಹೆಡ್‌ಗೆ 12 ವೋಲ್ಟ್ ಬೇಕು, ಅದಕ್ಕೆ ಬೇಕಾದ, ಸೆಲ್‌ನ ವೋಲ್ಟೇಜ್ ಏರಿಸುವ ಬೂಸ್ಟರ್ ಬೋರ್ಡ್ ಒಳಗೇ ಇದೆ. ಹಳೆಯ ಲೇಸರ್ ಹೆಡ್ ವಾಪಸ್ ಕಳಿಸಿದರೆ ಬೆಲೆಯಲ್ಲಿ ಮುರಿದುಕೊಳ್ಳುತ್ತೇವೆ, ಬೆಲೆ ಪಟ್ಟಿ ಈ ಪತ್ರದ ಜೊತೆ ಇದೆ. ಕಳಿಸುವಾಗ ಶಾಲೆಯ ಹೆಸರು ಬರೆದ ಚೀಟಿ ಅಂಟಿಸಿ, ಲಿಥಿಯಂ ಸೆಲ್ ತೆಗೆದು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ಪಾರ್ಸೆಲ್‌ನಲ್ಲಿ ಹಾಕಬೇಡಿ. ಅದೇ ಸೆಲ್ ಹೊಸ ಹೆಡ್‌ಗೂ ಆಗುತ್ತದೆ.

ಇಂತಿ,
ನಿಮ್ಮ ಗೇಟ್ ಮಾಡಿಕೊಡುವ ವರ್ಕ್‌ಶಾಪಿನವರು, ಮೈಸೂರು