ದಾವಣಗೆರೆಗೆ ಹೋಗಬೇಡಿ

ರೆಡಿಂಗ್, ಇಂಗ್ಲೆಂಡ್

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು. ನಾನೂ ಪುಟ್ಟಿಯೂ ಕ್ಷೇಮ.

ನೀವೂ ದೊಡ್ಡಪ್ಪನೂ ದಾವಣಗೆರೆಗೆ ಹೋಗಿ, ಬೀಗರ ಮನೆಯಲ್ಲಿ ಕುಳಿತು, ನಾವಿಬ್ಬರೂ ಬೇರೆಯಾದ ಮೇಲೆ ಮಗಳು ಪುಟ್ಟಿಯ ಖರ್ಚಿಗೆ ಅವಳ ಅಪ್ಪ ಕೊಡಬೇಕಾದ ಹಣದ ವಿಚಾರ ಇತ್ಯರ್ಥ ಮಾಡಿ ಬರುವುದೆಂದು ಹೊರಟಿದ್ದೀರಂತೆ. ಅಮ್ಮ ಹೇಳಿದಳು. ದಯವಿಟ್ಟು ಬೇಡ. ಹಿರಿಯರು ಕುಳಿತು ಹೆಚ್ಚು ಕಡಿಮೆ ಮಾಡುವಂಥದ್ದು ಇದರಲ್ಲಿ ಏನೂ ಇಲ್ಲ.

ನೀವು ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು. ಜೀವನಾಂಶ ಎಂದೊಡನೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಅರ್ಜಿ, ವಾಯಿದೆಯ ಮೇಲೆ ವಾಯಿದೆ, ಸಂಬಳ ಮುಚ್ಚಿಡುವ ಗಂಡ, ಇವೇ ನಿಮ್ಮ ಕಣ್ಣೆದುರು ಬರುತ್ತವೆ. (ಆ ಕಲಮು ಈಗ ಹೊಸ ಸಂಹಿತೆಯಲ್ಲಿ 144 ಆಗಿದೆ, ನಿಮಗೆ ತಿಳಿಯದ್ದೇನಲ್ಲ.) ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿಯ ಅಫಿಡವಿಟ್ ಕೊಡಬೇಕೆಂದು 2020ರಲ್ಲಿ ರಜನೇಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಮೊತ್ತ ನ್ಯಾಯಾಧೀಶರ ವಿವೇಚನೆಗೇ ಬಿಟ್ಟದ್ದು. ಇಲ್ಲಿ ಈ ಕೆಲಸಕ್ಕೆಂದೇ ಚೈಲ್ಡ್ ಮೇಂಟೆನೆನ್ಸ್ ಸರ್ವೀಸ್ ಎಂಬ ಸರ್ಕಾರಿ ವ್ಯವಸ್ಥೆ ಇದೆ. ಅದು ಸೂತ್ರ ಹಿಡಿದು ಲೆಕ್ಕ ಹಾಕುತ್ತದೆ. ಸಂಸಾರ ಯಾರ ತಪ್ಪಿನಿಂದ ಮುರಿಯಿತು ಎಂದು ಕೇಳುವುದೇ ಇಲ್ಲ. ನನಗಂತೂ ಅದೇ ದೊಡ್ಡ ನೆಮ್ಮದಿ.

ಪುಟ್ಟಿಯ ಅಪ್ಪನ ಆದಾಯದ ಅಂಕಿಯನ್ನು ಸರ್ವೀಸಿನವರು ತೆರಿಗೆ ಇಲಾಖೆಯಿಂದಲೇ ತರಿಸಿಕೊಳ್ಳುತ್ತಾರೆ. ತೆರಿಗೆಗೆ ಮುಂಚಿನ ಮೊತ್ತ ಅದು. ಪಿಂಚಣಿಯ ವಂತಿಗೆಯನ್ನು ಮಾತ್ರ ಕಳೆಯುತ್ತಾರೆ. ವರ್ಷಕ್ಕೆ 52,000 ಪೌಂಡ್ ಎಂದಿಟ್ಟುಕೊಳ್ಳಿ, ವಾರಕ್ಕೆ 1,000 ಆಯಿತು. ಒಂದು ಮಗುವಿಗೆ ಮೊದಲ 800 ಪೌಂಡಿನ ಮೇಲೆ ಶೇ 12, ಉಳಿದದ್ದಕ್ಕೆ ಶೇ 9. ಅಂದರೆ 96ಕ್ಕೆ 18 ಕೂಡಿಸಿ ವಾರಕ್ಕೆ 114 ಪೌಂಡ್. ಮಕ್ಕಳಿಬ್ಬರಾದರೆ ಶೇ 16 ಮತ್ತು ಶೇ 12. ವಾರಕ್ಕೆ 3,000 ಪೌಂಡ್ ದಾಟಿದ ಗಳಿಕೆ ಈ ಲೆಕ್ಕಕ್ಕೆ ಸೇರದು. ಅಂಥ ಶ್ರೀಮಂತರ ಮಾತು ಕೋರ್ಟಿಗೆ.

ಆಮೇಲೆ ರಾತ್ರಿಗಳ ಲೆಕ್ಕ. ಮಗು ತಂದೆಯ ಮನೆಯಲ್ಲಿ ವರ್ಷಕ್ಕೆ 52ರಿಂದ 103 ರಾತ್ರಿ ಮಲಗಿದರೆ ಏಳರಲ್ಲಿ ಒಂದು ಪಾಲು ಕಡಿತ, 104ರಿಂದ 155 ಆದರೆ ಏಳರಲ್ಲಿ ಎರಡು ಪಾಲು. ಪುಟ್ಟಿ ಪ್ರತಿ ಶನಿವಾರ ರಾತ್ರಿ ಅಲ್ಲಿರುತ್ತಾಳೆ, ಹಾಗಾಗಿ 114 ಇದ್ದದ್ದು 97 ಪೌಂಡ್ 71 ಪೆನ್ಸಿಗೆ ಇಳಿಯುತ್ತದೆ. ಈ ವ್ಯವಸ್ಥೆಯಲ್ಲಿ ನನಗೆ ಹಿಡಿಸದ ಭಾಗ ಇದು. ಇನ್ನೊಂದು ರಾತ್ರಿ ಇರಲಿ ಎಂದು ಅವರು ಅಕ್ಕರೆಯಿಂದಲೇ ಕೇಳಿದರೂ ಹಣ ಉಳಿಸಲು ಕೇಳುತ್ತಿದ್ದಾರೆ ಎನ್ನಿಸುತ್ತದೆ. ನಾನು ಬೇಡವೆಂದರೆ ಹಣದಾಸೆಗೆ ಎಂದು ಅವರಿಗೆ ಎನ್ನಿಸುತ್ತದೆ. ಮಗು ಎಲ್ಲಿ ಮಲಗಿತು ಎಂಬುದಕ್ಕೆ ಬೆಲೆ ಕಟ್ಟಬಾರದಿತ್ತು.

ನನ್ನ ಸಂಬಳವನ್ನು ಇಲ್ಲಿ ಕೇಳುವವರೇ ಇಲ್ಲ. ಆಸ್ಟ್ರೇಲಿಯಾದಲ್ಲಿ ಅಪ್ಪ ಅಮ್ಮ ಇಬ್ಬರ ಆದಾಯವನ್ನೂ ಕೂಡಿಸಿ, ಮಗುವಿನ ಖರ್ಚನ್ನು ಅವರವರ ಗಳಿಕೆಗೆ ತಕ್ಕಂತೆ ಹಂಚುತ್ತಾರೆ. ನನಗೆ ನಷ್ಟವಾದರೂ ನಿಜವಾಗಿ ಅದೇ ಸರಿ.

ಪುಟ್ಟಿಯ ಅಪ್ಪ ಮತ್ತೆ ಮದುವೆಯಾದರೆ ಎಂಬುದು ಅಮ್ಮನ ಭಯ. ಹೊಸ ಹೆಂಡತಿ ಬಂದ ಮಾತ್ರಕ್ಕೆ ಮೊತ್ತ ಬದಲಾಗುವುದಿಲ್ಲ. ಆ ಮನೆಯಲ್ಲಿ ಇನ್ನೊಂದು ಮಗು ಇದ್ದರೆ ಮೊದಲೇ ಆದಾಯದಲ್ಲಿ ಶೇ 11 ಬಿಡುತ್ತಾರೆ. 1,000ದ ಜಾಗದಲ್ಲಿ 890 ಹಿಡಿದರೆ 114ರ ಬದಲು 104 ಪೌಂಡ್ 10 ಪೆನ್ಸ್. ಅದಕ್ಕೆ ನಾನು ಸಂಕಟಪಡುವುದಿಲ್ಲ, ಆ ಮಗುವೂ ಊಟ ಮಾಡಬೇಕಲ್ಲ.

ಈಗ ಹಣ ನೇರವಾಗಿ ನನ್ನ ಖಾತೆಗೆ ಬರುತ್ತಿದೆ. ತಪ್ಪಿದರೆ ಸರ್ವೀಸಿನವರೇ ವಸೂಲಿ ಮಾಡಬಹುದು, ಆದರೆ ಆಗ ಪುಟ್ಟಿಯ ಅಪ್ಪ ಶೇ 20 ಹೆಚ್ಚು ಕಟ್ಟಬೇಕು, ನನಗೆ ಬರುವುದರಲ್ಲಿಯೂ ಶೇ 4 ಹೋಗುತ್ತದೆ. ಆದ್ದರಿಂದ ಸುಮ್ಮನೆ ನಡೆಯುತ್ತಿರುವುದನ್ನು ಕೆದಕಬೇಡಿ ಎನ್ನುವುದು. ದೊಡ್ಡಪ್ಪನ ಸಿಟ್ಟು ನಿಮಗೇ ಗೊತ್ತು.

ನನ್ನ ನಿಜವಾದ ಚಿಂತೆ ಬೇರೆ. ಪುಟ್ಟಿಯ ಅಪ್ಪ ಇಲ್ಲಿನ ಕೆಲಸ ಬಿಟ್ಟು ಬೆಂಗಳೂರಿನ ಕಂಪನಿಗೆ ಸೇರಿ ಅಲ್ಲಿಯೇ ನೆಲೆಸಿದರೆ ಈ ಸರ್ವೀಸಿನ ಅಧಿಕಾರ ಅಲ್ಲಿಗೆ ಮುಗಿಯುತ್ತದೆ, ಮುಂದಿನ ದಾರಿ ಕೋರ್ಟಿನದು. ಆಗ ಅರ್ಜಿಯನ್ನು ಬೆಂಗಳೂರಿನ ಕುಟುಂಬ ನ್ಯಾಯಾಲಯದಲ್ಲಿಯೇ ಹಾಕಬೇಕೇ, ಇಲ್ಲಿನ ಆದೇಶವನ್ನು ಅಲ್ಲಿ ಜಾರಿ ಮಾಡಿಸಬಹುದೇ ಎಂದು ನಿಮ್ಮ ಪರಿಚಯದ ಹಳೆಯ ವಕೀಲರಲ್ಲಿ ಯಾರನ್ನಾದರೂ ಕೇಳಿ ನನಗೆ ತಿಳಿಸಿ. ಫೋನಿನಲ್ಲಿ ಬೇಡ, ಪುಟ್ಟಿ ಪಕ್ಕದಲ್ಲಿರುತ್ತಾಳೆ. ಬರೆದೇ ತಿಳಿಸಿ.

ನಿಮ್ಮ ಮಗಳು