ಬಯಾಸ್ ಅಪ್‌ಡೇಟ್‌ಗೋಸ್ಕರ ವಿಂಡೋಸ್ ಹಾಕ್ಕೊಳ್ಳಿ ಅಂದ್ರೆ ಹೇಗೆ?

ಕಸ್ಟಮರ್ ಸಪೋರ್ಟ್‌ನವರಿಗೆ,

ನಮಸ್ಕಾರ. ನಿಮ್ಮ ಲ್ಯಾಪ್‌ಟಾಪ್ ತಗೊಂಡು ಎರಡು ವರ್ಷ ಆಯ್ತು, ಮೊದಲ ದಿನದಿಂದ್ಲೂ ಅದರಲ್ಲಿ ಲಿನಕ್ಸ್ ಒಂದೇ ಇರೋದು. ಮುಚ್ಚಿ ಬ್ಯಾಗಿಗೆ ಹಾಕಿದ್ರೆ ಸರಿಯಾಗಿ ಸ್ಲೀಪ್ ಆಗಲ್ಲ, ಒಂದು ಗಂಟೆ ಬಿಟ್ಟು ತೆಗೆದ್ರೆ ತಳ ಕಾದ ಕಾವಲಿ ಥರ ಸುಡ್ತಿರುತ್ತೆ, ಬ್ಯಾಟರಿ ಅರ್ಧ ಖಾಲಿ. ಹೊಸ ಬಯಾಸಲ್ಲಿ (ಲ್ಯಾಪ್‌ಟಾಪ್ ಆನ್ ಮಾಡಿದಾಗ ಮೊದಲು ಓಡೋ ಸಾಫ್ಟ್‌ವೇರ್) ಈ ಸ್ಲೀಪ್ ತೊಂದರೆ ಸರಿಯಾಗಿದೆ, ಸೆಕ್ಯುರಿಟಿ ಫಿಕ್ಸೂ ಇದೆ ಅಂತ ನಿಮ್ಮ ವೆಬ್‌ಸೈಟಲ್ಲಿ ನೀವೇ ಹಾಕಿದೀರಿ. ಡೌನ್‌ಲೋಡ್ ಒತ್ತಿದ್ರೆ ಸಿಗೋದು ಮಾತ್ರ ವಿಂಡೋಸಲ್ಲಷ್ಟೇ ಓಡೋ ಒಂದು ಇಎಕ್ಸ್‌ಇ ಫೈಲು.

ಲಿನಕ್ಸಿಂದ್ಲೇ ಇಂಥ ಅಪ್‌ಡೇಟ್ ಹಾಕೋ ಎಫ್‌ಡಬ್ಲ್ಯೂಅಪ್‌ಡಿ (fwupd) ಅನ್ನೋ ಟೂಲ್ ಓಡಿಸಿ ನೋಡ್ದೆ. ಎಸ್‌ಎಸ್‌ಡಿಗೆ ಅಪ್‌ಡೇಟ್ ಬಂತು, ಹಾಕಿದ್ದೂ ಆಯ್ತು. ಸಿಸ್ಟಮ್ ಫರ್ಮ್‌ವೇರ್ (ಅಂದ್ರೆ ಬಯಾಸ್) ಅನ್ನೋ ಸಾಲಲ್ಲಿ ಅದೇ ಹಳೇ ವರ್ಷನ್ನು, ಯಾಕಂದ್ರೆ ಈ ಮಾಡೆಲ್‌ದು ನೀವು ಎಲ್‌ವಿಎಫ್‌ಎಸ್‌ಗೆ (LVFS, ಆ ಟೂಲ್ ಅಪ್‌ಡೇಟ್ ತಗೊಳ್ಳೋ ಆನ್‌ಲೈನ್ ಸರ್ವಿಸ್) ಅಪ್‌ಲೋಡೇ ಮಾಡಿಲ್ಲ. 2015ರಿಂದ ನಡೀತಿರೋ ಸರ್ವಿಸ್ ಅದು, ಡೆಲ್, ಲೆನೊವೊ, ಎಚ್‌ಪಿ ಅಂಥವರೆಲ್ಲ ಅಲ್ಲಿ ಹಾಕ್ತಾರೆ.

ನಿಮಗೆ ಮೂರು ಸಲ ಬರೆದೆ, ಮೂರು ಸಲಾನೂ ವಿಂಡೋಸ್ ಇನ್‌ಸ್ಟಾಲ್ ಮಾಡಿ ಅನ್ನೋದೇ ಉತ್ತರ. ಬಯಾಸ್ ಇರೋದು ಮದರ್‌ಬೋರ್ಡಿನ ಚಿಪ್ಪಲ್ಲಿ, ವಿಂಡೋಸಲ್ಲಲ್ಲ. ಕ್ಯಾಪ್ಸೂಲ್ ಫೈಲನ್ನ (ಬಯಾಸ್ ಅಪ್‌ಡೇಟ್ ತುಂಬಿರೋ ಫೈಲು) ಲಿನಕ್ಸಿಂದ ಕೊಟ್ರೂ ರೀಸ್ಟಾರ್ಟ್ ಆದಾಗ ಯುಇಎಫ್‌ಐನೇ (ಈಗಿನ ಕಾಲದ ಬಯಾಸ್) ಅದನ್ನ ಬರ್ಕೊಳ್ಳುತ್ತೆ. ನಾನೇ ಇಎಕ್ಸ್‌ಇ ಬಿಚ್ಚಿ ಒಳಗಿರೋದನ್ನ ಬಲವಂತವಾಗಿ ಹಾಕೋಕೆ ನನಗೆ ಧೈರ್ಯ ಇಲ್ಲ, ಅರ್ಧದಲ್ಲಿ ಕೈಕೊಟ್ರೆ ಬೋರ್ಡೇ ಹೋಗ್ಬಹುದು, ಆವಾಗ ವಾರಂಟಿ ಇಲ್ಲ ಅಂತೀರಿ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಮೈಕ್ರೋಸಾಫ್ಟ್‌ನ 2011ರ ಸೆಕ್ಯೂರ್ ಬೂಟ್ (ಸಹಿ ಇರೋ ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಬೂಟ್ ಆಗೋಕೆ ಬಿಡೋ ವ್ಯವಸ್ಥೆ) ಸರ್ಟಿಫಿಕೇಟ್‌ಗಳ ಅವಧಿ 2026ರ ಜೂನ್‌ನಿಂದ ಮುಗಿಯೋದು ಶುರು. ಅದರ ಬದಲಿಗೆ ಬರೋ ಹೊಸ ಕೆಇಕೆ ಕೀಗೆ (ಆ ನಂಬಿಕೆಯ ಪಟ್ಟಿ ಬದಲಾಯಿಸೋಕೆ ಅನುಮತಿ ಕೊಡೋ ಕೀ) ಲ್ಯಾಪ್‌ಟಾಪ್ ಮಾಡಿದವರ ಸಹಿ ಬೇಕು, ಅಂದ್ರೆ ನಿಮ್ಮದು. ನೀವು ಸುಮ್ನೆ ಕೂತ್ರೆ ನಿಮ್ಮ ಪರವಾಗಿ ಬೇರೆ ಯಾರೂ ಆ ಸಹಿ ಹಾಕಕ್ಕಾಗಲ್ಲ.

ದಯವಿಟ್ಟು ಈ ಮಾಡೆಲಿನ ಬಯಾಸ್ ಎಲ್‌ವಿಎಫ್‌ಎಸ್‌ಗೆ ಹಾಕಿ. ಅಲ್ಲಿವರೆಗೆ ಪೆನ್‌ಡ್ರೈವಿಗೆ ಹಾಕ್ಕೊಂಡು ಬಯಾಸ್ ಮೆನುವಿಂದ್ಲೇ ಫ್ಲ್ಯಾಶ್ ಮಾಡೋಕಾಗೋ ಫೈಲಾದ್ರೂ ಕೊಡಿ. ಸೀರಿಯಲ್ ನಂಬರ್, ಈಗಿರೋ ವರ್ಷನ್, ಕಮಾಂಡಿನ ಔಟ್‌ಪುಟ್ ಎಲ್ಲಾ ಜೊತೆಗೆ ಕಳಿಸಿದೀನಿ. ಯಾವ ದಿನಾಂಕದೊಳಗೆ ಆಗುತ್ತೆ ಅಂತ ಫರ್ಮ್‌ವೇರ್ ಟೀಮಿನವರನ್ನ ಕೇಳಿ ಉತ್ತರ ಬರೀರಿ.

ಇಂತಿ,
ನಿಮ್ಮ ಗ್ರಾಹಕ