ತತ್ತಿ ತಿನ್ನಬಹುದಾ, ಬೇಡವಾ? ಕೋಳಿ ಔಷಧಿ ಕಂಪನಿಗೆ ಒಂದು ದೂರು ಪತ್ರ

ಇವರಿಗೆ,
ಗ್ರಾಹಕ ಸೇವಾ ವಿಭಾಗದ ವ್ಯವಸ್ಥಾಪಕರು,
ಪಶು ಔಷಧಿ ತಯಾರಿಕಾ ಕಂಪನಿ

ವಿಷಯ: ಕೋಳಿ ಔಷಧಿ ಕೊಟ್ಟ ಮೇಲೆ ಎಷ್ಟು ದಿನ ತತ್ತಿ ತಿನ್ನಬಾರದು ಅನ್ನುವ ಸಾಲಿನ ಮೇಲೆ ಬೆಲೆಯ ಸ್ಟಿಕ್ಕರ್ ಅಂಟಿಸಿರುವುದು, ಸಹಾಯವಾಣಿಯಲ್ಲಿ ಮೂರು ಸಲ ಮೂರು ಥರ ಉತ್ತರ ಕೊಟ್ಟಿರುವುದು.

ಮಾನ್ಯರೇ,

ನಾನು ದಾವಣಗೆರೆಯ ಆವರಗೆರೆ ಕಡೆಯವಳು. ಮನೆ ಹಿತ್ತಲಲ್ಲಿ ಒಂಬತ್ತು ಜವಾರಿ ಹ್ಯಾಟೆ, ಒಂದು ಹುಂಜ ಇವೆ. ಫಾರಂ ಅಲ್ಲ, ಮನೆಗೆ ಆಗಿ ಮಿಕ್ಕ ತತ್ತಿಯನ್ನು ಅಕ್ಕಪಕ್ಕದವರಿಗೆ ಹನ್ನೆರಡು ರೂಪಾಯಿಗೆ ಒಂದರಂತೆ ಕೊಡುತ್ತೇನೆ, ಅಷ್ಟೇ.

ಕಳೆದ ತಿಂಗಳು ಒಂದು ಹ್ಯಾಟೆಗೆ ಮೂಗು ಸೋರಲು ಶುರುವಾಯಿತು. ರಾತ್ರಿ ಗೂಡಿನ ಹತ್ತಿರ ಹೋದರೆ ಗೊರ ಗೊರ ಸದ್ದು. ಮರುದಿನ ಇನ್ನೊಂದರ ಕಣ್ಣು ಊದಿತ್ತು. ಪೇಟೆಯ ಅಂಗಡಿಗೆ ಹೋಗಿ ಹೇಳಿದೆ. ನಿಮ್ಮ ಎನ್ರೋಫ್ಲಾಕ್ಸಾಸಿನ್ ಅನ್ನುವ, ರೋಗಾಣು ಕೊಲ್ಲುವ ಔಷಧಿಯ (ಆಂಟಿಬಯಾಟಿಕ್) ಬಾಟಲಿ ಕೊಟ್ಟು, ನೀರಿಗೆ ಹಾಕಿ ಐದು ದಿನ ಕುಡಿಸಿ ಅಂದರು. ಡಾಕ್ಟರ ಚೀಟಿ ಇಲ್ಲದೆ ತಂದದ್ದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಅಂಗಡಿಯವರು ಕೇಳದೆ ಕೊಟ್ಟದ್ದು ಅವರ ತಪ್ಪು. ಈ ಪತ್ರ ನಿಮ್ಮ ಪಾಲಿನ ತಪ್ಪಿನ ಬಗ್ಗೆ.

ಕಾಯಿಲೆ ಬಂದದ್ದು ಎರಡಕ್ಕೆ. ಆದರೆ ಹತ್ತೂ ಕುಡಿಯುವುದು ಒಂದೇ ಬಾಂಡ್ಲಿಯಲ್ಲಿ. ಅಂದರೆ ಚೆನ್ನಾಗಿದ್ದ ಹ್ಯಾಟೆಗಳಿಗೂ ಔಷಧಿ ಹೋಯಿತು, ಅವು ಇಟ್ಟ ತತ್ತಿಗೂ ಹೋಯಿತು. ಇದು ನನಗೆ ಹೊಳೆದದ್ದು ನಾಲ್ಕನೇ ದಿನ. ಕಣ್ಣು ಊದಿದ್ದ ಹ್ಯಾಟೆಯನ್ನು ಚೀಲದಲ್ಲಿ ಹಾಕಿಕೊಂಡು ಸರ್ಕಾರಿ ಪಶು ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿನ ಡಾಕ್ಟರು ಬಾಟಲಿ ನೋಡಿ ಕೇಳಿದ ಮೊದಲ ಪ್ರಶ್ನೆ, "ಇವು ತತ್ತಿ ಇಡ್ತಾವೇನಮ್ಮ?"

ಅಲ್ಲಿವರೆಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಿಮ್ಮ ಡಬ್ಬಿಯಂತೂ ಕೇಳಿರಲಿಲ್ಲ. ಅದರ ಮೇಲೆ ಏನು ಚಿತ್ರ ಇದೆ ಗೊತ್ತಾ? ಒಂದು ಕೆಂಪು ಕೋಳಿ, ಪಕ್ಕದಲ್ಲಿ ಬುಟ್ಟಿ ತುಂಬ ತತ್ತಿ!

ತತ್ತಿ ಇಡುವ ಕೋಳಿಗೆ ಕೊಡುವ ಔಷಧಿ ಇದಲ್ಲ, ಯುರೋಪಿನಲ್ಲಿ ಅಂಥ ಕೋಳಿಗೆ ಇದನ್ನು ಕೊಡಲು ಅನುಮತಿಯೇ ಇಲ್ಲ ಅಂದರು ಡಾಕ್ಟರು. ಅಮೆರಿಕದಲ್ಲಂತೂ 2005ರಲ್ಲೇ ಕೋಳಿಗಳಿಗೆ ಇದನ್ನು ಕೊಡುವುದನ್ನು ಪೂರ್ತಿ ನಿಲ್ಲಿಸಿದ್ದಾರಂತೆ. ಈ ಜಾತಿಯ ಔಷಧಿಗೆ ಬಗ್ಗದ ರೋಗಾಣುಗಳು ಕೋಳಿಯಿಂದ ಮನುಷ್ಯರಿಗೆ ಬರುತ್ತವೆ ಅನ್ನುವುದು ಕಾರಣ. ಈಗ ಕೊಟ್ಟಾಗಿದೆ, ಕಾಯಿಲೆಯ ಎರಡಕ್ಕೆ ಮಾತ್ರ ಬೇರೆ ಇಟ್ಟು ಐದನೇ ದಿನದ್ದು ಮುಗಿಸಿ, ಆಮೇಲೆ ಮೂರು ವಾರ ಯಾವ ಕೋಳಿಯ ತತ್ತಿಯನ್ನೂ ತಿನ್ನಬೇಡಿ ಅಂದರು.

ಮೂರು ವಾರ ಯಾಕೆ ಅಂತ ಕೇಳಿದೆ. ಮನೆಯಲ್ಲಿ ಹ್ಯಾಟೆ ಕೊಯ್ದವರಿಗೆ ಗೊತ್ತಿರುತ್ತದೆ, ಹೊಟ್ಟೆಯೊಳಗೆ ಹಳದಿ ಗೊಂಚಲು ಇರುತ್ತದೆ. ಒಂದು ದೊಡ್ಡದು, ಅದರ ಹಿಂದೆ ಗೋಲಿಯಷ್ಟು, ಕಡಲೆಯಷ್ಟು, ಸಾಸಿವೆಯಷ್ಟು. ಬಿಳಿ ಲೋಳೆ, ಚಿಪ್ಪು ಎಲ್ಲ ಒಂದೇ ದಿನದಲ್ಲಿ ಆಗಿಬಿಡುತ್ತವೆ. ಹಳದಿ ದಪ್ಪ ಆಗಲು ಮಾತ್ರ ಹೆಚ್ಚುಕಮ್ಮಿ ಹತ್ತು ದಿನ ಬೇಕು. ಇವತ್ತು ಕುಡಿದ ಔಷಧಿ ಮುಂದಿನ ವಾರ ಇಡುವ ತತ್ತಿಯ ಹಳದಿಯಲ್ಲೂ ಕೂತಿರುತ್ತದೆ. ಔಷಧಿ ನಿಲ್ಲಿಸಿದ ಮಾರನೇ ದಿನವೇ ತತ್ತಿ ಶುದ್ಧ ಆಗುವುದಿಲ್ಲ.

ಅಷ್ಟು ಹೊತ್ತಿಗೆ ಎದುರು ಮನೆಗೆ ಆರು ತತ್ತಿ ಕೊಟ್ಟಾಗಿತ್ತು. ಆ ಮನೆಯ ಮಗಳು ಏಳು ತಿಂಗಳ ಬಸುರಿ, ಹೆರಿಗೆಗೆ ಅಂತ ತವರಿಗೆ ಬಂದವಳು. ಹೋಗಿ ಹೇಳಿದೆ. ನಾಲ್ಕು ತಿಂದಾಗಿತ್ತು. ಅವಳ ಅಮ್ಮ ಉಳಿದ ಎರಡನ್ನು ತಂದು ನನ್ನ ಕೈಗಿಟ್ಟರು, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು. ನಾಲ್ಕು ತತ್ತಿಯಿಂದ ಗಾಬರಿ ಬೇಡ ಅಂತ ಅವರ ಡಾಕ್ಟರು ಹೇಳಿದ್ದಾರಂತೆ. ಆದರೂ ಆ ಮನೆಯವರು ಇವತ್ತಿಗೂ ನನ್ನ ಹತ್ತಿರ ತತ್ತಿ ಕೇಳಿಲ್ಲ.

ಅವತ್ತು ರಾತ್ರಿ ಕನ್ನಡಕ ಹಾಕಿಕೊಂಡು ನಿಮ್ಮ ಬಾಟಲಿ ಹಿಡಿದು ಕೂತೆ. ಒಳಗಿನ ಚೀಟಿ ಇಂಗ್ಲಿಷು, ಹಿಂದಿ. ಕನ್ನಡ ಒಂದಕ್ಷರ ಇಲ್ಲ. ಬಾಟಲಿಯ ಹಿಂಬದಿಯಲ್ಲಿ ಒಂದು ಸಾಲು ಬೆಲೆಯ ಸ್ಟಿಕ್ಕರಿನ ಕೆಳಗೆ ಹೋಗಿತ್ತು. ಸ್ಟಿಕ್ಕರ್ ಅಂಗಡಿಯವರದ್ದಲ್ಲ, ಅದರ ಮೇಲೆ ನಿಮ್ಮ ಕಂಪನಿಯ ಗುರುತೇ ಇದೆ. ಕೊಬ್ಬರಿ ಎಣ್ಣೆ ಸವರಿ ಉಗುರಿನಲ್ಲಿ ಮೆಲ್ಲಗೆ ಕೆರೆದೆ. "ಮೊಟ್ಟೆ" ಅನ್ನುವ ಇಂಗ್ಲಿಷ್ ಪದ ಕಾಣಿಸಿತು. ಕೊನೆಯಲ್ಲಿ "ದಿನ" ಅನ್ನುವುದೂ ಕಾಣಿಸಿತು. ನಡುವೆ ಇದ್ದ ಸಂಖ್ಯೆ ಗೋಂದಿನ ಜೊತೆ ಕಿತ್ತು ಬಂತು. ಫೋಟೋ ಲಗತ್ತಿಸಿದ್ದೇನೆ, ನೀವೇ ಓದಿ ನೋಡಿ.

ಸರಿ, ಸಹಾಯವಾಣಿಗೆ ಫೋನ್ ಮಾಡಿದೆ. ಮೊದಲ ಸಲ ಸಿಕ್ಕವರು, "ಏನೂ ಆಗಲ್ಲ ಮೇಡಂ, ಚೆನ್ನಾಗಿ ಬೇಯಿಸಿ ತಿನ್ನಿ" ಅಂದರು. ಬೇಯಿಸಿದರೆ ರೋಗಾಣು ಸಾಯುತ್ತದೆ, ಔಷಧಿ ಹೋಗುವುದಿಲ್ಲ. ಔಷಧಿ ಕಂಪನಿಯಲ್ಲಿ ಕೂತವರಿಗೆ ಇದನ್ನು ಕೋಳಿ ಸಾಕುವವಳು ಹೇಳಬೇಕಾ? ಎರಡನೇ ಸಲದವರು 28 ದಿನ ಅಂದರು. ಅದು ಮಾಂಸದ ಲೆಕ್ಕ ಅಂತ ಆಮೇಲೆ ಗೊತ್ತಾಯಿತು. ಮೂರನೇ ಸಲದವರು ಡಾಕ್ಟರನ್ನು ಕೇಳಿ ಅಂತ ಫೋನ್ ಇಟ್ಟುಬಿಟ್ಟರು. ಮೂವರಲ್ಲಿ ಸರಿಯಾಗಿ ಹೇಳಿದವರು ಅವರೊಬ್ಬರೇ ಅನ್ನಿ.

ಔಷಧ ಮತ್ತು ಸೌಂದರ್ಯವರ್ಧಕ ನಿಯಮಗಳ 97ನೇ ನಿಯಮಕ್ಕೆ 2012ರಲ್ಲಿ ಆದ ತಿದ್ದುಪಡಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. ಹಾಲು, ಮೊಟ್ಟೆ, ಮಾಂಸ ಕೊಡುವ ಪ್ರಾಣಿಗಳ ಔಷಧಿಯ ಮೇಲೆ ಎಷ್ಟು ದಿನ ಬಿಡಬೇಕು ಅಂತ ಬರೆಯಲೇಬೇಕು. ಪರೀಕ್ಷೆ ಮಾಡಿ ಗೊತ್ತುಮಾಡಿದ ಅವಧಿ ಇಲ್ಲದಿದ್ದರೆ ಹಾಲು-ಮೊಟ್ಟೆಗೆ 7 ದಿನಕ್ಕಿಂತ, ಮಾಂಸಕ್ಕೆ 28 ದಿನಕ್ಕಿಂತ ಕಡಿಮೆ ಹಾಕುವಂತಿಲ್ಲ. ನೀವು ಬರೆದಿದ್ದೀರಿ, ಇಲ್ಲ ಅನ್ನುವುದಿಲ್ಲ. ಆದರೆ ಬರೆದು ಮುಚ್ಚಿದರೆ ಬರೆದಂಗಾಯ್ತಾ?

ಡಾಕ್ಟರ ಮಾತಿನಂತೆ ಮೂರು ವಾರ ಕಾದೆ. ದಿನಾ ಬಂದ ತತ್ತಿಯ ಮೇಲೆ ಮೊಮ್ಮಗನ ಪೆನ್ಸಿಲಿನಲ್ಲಿ ತಾರೀಖು ಬರೆದು, ಬೇರೆ ಬುಟ್ಟಿಗೆ ಹಾಕಿ, ಸಂಜೆ ನುಗ್ಗೆ ಮರದ ಬುಡದ ಗುಂಡಿಯಲ್ಲಿ ಒಡೆದು ಮಣ್ಣು ಮುಚ್ಚುತ್ತಿದ್ದೆ. ಹಾಗೇ ಬಿಟ್ಟರೆ ಕೋಳಿಗಳೇ ತಿಂದು ಅದೇ ಔಷಧಿ ಮತ್ತೆ ಅವುಗಳ ಹೊಟ್ಟೆಗೆ. ಎರಡನೇ ದಿನ ಬೀದಿ ನಾಯಿ ಗುಂಡಿ ಕೆದರಿತು, ಮೇಲೆ ಚಪ್ಪಡಿ ಎಳೆಯಬೇಕಾಯಿತು. ಒಂದು ದಿನ ಒಡೆದ ತತ್ತಿಯಲ್ಲಿ ಎರಡು ಹಳದಿ ಇತ್ತು. ಎಷ್ಟು ವರ್ಷ ಆಗಿತ್ತು ಅಂಥದ್ದು ನೋಡಿ. ಮೊಮ್ಮಗನನ್ನು ಕರೆದು ತೋರಿಸಿದೆ, ಮಣ್ಣು ಎಳೆದೆ.

ಹೀಗೆ ಗುಂಡಿಗೆ ಹೋದದ್ದು 83 ತತ್ತಿ. ಹನ್ನೆರಡರಂತೆ 996 ರೂಪಾಯಿ. ಆ ಹಣ ಕೊಡಿ ಅಂತ ನಾನು ಕೇಳುತ್ತಿಲ್ಲ. ಮುಂದಿನ ಖರೀದಿಗೆ ರಿಯಾಯಿತಿ ಕೂಪನ್ನು ಅಂತೂ ದಯವಿಟ್ಟು ಕಳಿಸಬೇಡಿ.

ನನಗೆ ಬೇಕಾದದ್ದು ಇಷ್ಟು. ಸ್ಟಿಕ್ಕರ್ ಕೆಳಗಿದ್ದ ಸಂಖ್ಯೆ ಎಷ್ಟು, ಯಾವ ಪರೀಕ್ಷೆಯ ಮೇಲೆ ಅದನ್ನು ಹಾಕಿದಿರಿ ಅಂತ ಬರಹದಲ್ಲಿ ತಿಳಿಸಿ. ಕರ್ನಾಟಕಕ್ಕೆ ಬರುವ ಬಾಟಲಿಗಳ ಮುಂಭಾಗದಲ್ಲೇ, ಕನ್ನಡದಲ್ಲಿ, ತತ್ತಿ ಇಡುವ ಕೋಳಿಗೆ ಇದನ್ನು ಕೊಡಬಹುದಾ ಇಲ್ಲವಾ ಅಂತ ದಪ್ಪ ಅಕ್ಷರದಲ್ಲಿ ಹಾಕಿ. ಬೆಲೆಯ ಸ್ಟಿಕ್ಕರನ್ನು ಮುಚ್ಚಳದ ಮೇಲೆ ಅಂಟಿಸಿ, ಜಾಗ ಬೇಕಾದಷ್ಟಿದೆ. ಬೇಯಿಸಿ ತಿನ್ನಿ ಅಂದ ನಿಮ್ಮ ಸಹಾಯವಾಣಿಯವರಿಗೆ ಯಾರಾದರೂ ಕೂತು ಹೇಳಿಕೊಡಿ. ಮತ್ತೆ ಆ ತತ್ತಿ ಬುಟ್ಟಿಯ ಚಿತ್ರ, ಅದನ್ನು ತೆಗೆಯಿರಿ.

ಬ್ಯಾಚ್ ಸಂಖ್ಯೆಯ ಫೋಟೋ, ಬಿಲ್ಲು, ಫೋನ್ ಮಾಡಿದ ಮೂರು ದಿನಗಳ ತಾರೀಖು ಇದರ ಜೊತೆ ಇವೆ. ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ಇದೇ ಪತ್ರದ ಪ್ರತಿಯನ್ನು ಔಷಧ ನಿಯಂತ್ರಣ ಇಲಾಖೆಗೆ ಕೊಡುತ್ತೇನೆ. ಅರ್ಧ ಔಷಧಿ ಉಳಿದಿರುವ ಬಾಟಲಿ ನನ್ನ ಹತ್ತಿರವೇ ಇದೆ, ಎಸೆದಿಲ್ಲ.

ಇಂತಿ,
ನಿಮ್ಮ ಗ್ರಾಹಕಿ
ಆವರಗೆರೆ, ದಾವಣಗೆರೆ